ಹೆಡ್ಲಿ ನಗಿಸಿದ ಮಧ್ಯಾಹ್ನ

ಫ್ರಿಜ್ಜಿನ ಮೇಲಿದ್ದ, ಬೋಟುಗಳ ಜೊತೆ ಮಾತಾಡುವ ರೇಡಿಯೋದಲ್ಲಿ ಗಂಡನ ದನಿ ಕೇಳಿ ವರ್ನಾ ಮೊದಲು ನಕ್ಕುಬಿಟ್ಟಳು. ಆಮೇಲೆ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಅವಳ ಕೈ ತಾನಾಗಿಯೇ ನಿಂತಿತು.

ಟಾಲೋ ಕೋವ್ ಎಂಬ ಆ ಮೀನುಗಾರರ ಊರಿನಲ್ಲಿ ಹೆಡ್ಲಿಯಂಥ ತಮಾಷೆಗಾರ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹದಿನೇಳು ವರ್ಷ ಅವನ ಜೊತೆ ಸಂಸಾರ ಮಾಡಿದ ವರ್ನಾಗೆ ಗೊತ್ತಿದ್ದ ಹೆಡ್ಲಿ ಬೇರೆ. ಎಲ್ಲ ಸರಿಯಿದ್ದಾಗ ಅವನ ಬಾಯಲ್ಲಿ ಮಾತೇ ಹೊರಡದು. ಉಣ್ಣುವನು, ಒಲೆಗೆ ಕಟ್ಟಿಗೆ ತುಂಬುವನು, ಕಿಟಕಿಯಲ್ಲಿ ಗಾಳಿ ನೋಡುವನು, ಮಲಗುವನು. ಅಂಥ ದಿನಗಳಲ್ಲಿ ಅವನಷ್ಟು ಸಪ್ಪೆ ಮನುಷ್ಯ ಇಡೀ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಸಿಗಲಾರ. ಹಗ್ಗ ಎಳೆಯುವ ಯಂತ್ರಕ್ಕೆ ಸಿಕ್ಕಿ ಬೆರಳು ಹೋದ ದಿನ ಮಾತ್ರ, ಟವೆಲ್ಲು ಸುತ್ತಿದ ಕೈ ಹಿಡಿದು ಬಾಗಿಲಲ್ಲಿ ನಿಂತು, "ವರ್ನಾ, ಇನ್ಮೇಲೆ ಕೈಗವಸು ಹೆಣೆಯೋವಾಗ ನಿಂಗೆ ಸ್ವಲ್ಪ ಉಣ್ಣೆ ಉಳೀತು ನೋಡು" ಎಂದಿದ್ದ. ಕಾಡ್ ಮೀನು ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿದ ಬೇಸಿಗೆಯಲ್ಲಿ ಒಂದು ಕಾಡ್ ಮೀನನ್ನು ಬೂಟಿನ ಡಬ್ಬದಲ್ಲಿ ಮಲಗಿಸಿ, ಊರಿನವರನ್ನೆಲ್ಲ ಹಿಂದಿಟ್ಟುಕೊಂಡು ಶವಯಾತ್ರೆ ಹೊರಡಿಸಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸಂಜೆ ಅವನು ದೋಣಿಮನೆಯ ಹಿಂದೆ ಕೂತು ವಾಂತಿ ಮಾಡಿಕೊಂಡಿದ್ದನ್ನು ಕಂಡವಳು ಅವಳೊಬ್ಬಳೇ.

ಅವರ ಕೂಸು ಉಸಿರಿಲ್ಲದೆ ಹುಟ್ಟಿದಾಗಲೂ ಅಷ್ಟೇ. ಆಸ್ಪತ್ರೆಯ ನರ್ಸುಗಳೆಲ್ಲ ಅವನ ಮಾತಿಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದ ವರ್ನಾ, ಈ ಗಂಡಸನ್ನು ಇನ್ನು ಜನ್ಮದಲ್ಲಿ ಕ್ಷಮಿಸಲಾರೆ ಎಂದುಕೊಂಡಿದ್ದಳು. ಮನೆಗೆ ಬಂದ ಮೇಲೆ ಅವನು ತೊಟ್ಟಿಲು ಬಿಚ್ಚಲು ಕೂತ. ಬೆಳಗಾದರೂ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಅವನ ನಗೆಯ ಅರ್ಥ ಅವಳಿಗೆ ತಿಳಿದದ್ದು ಅವತ್ತು.

ಕಾಡ್ ಮೀನುಗಾರಿಕೆ ನಿಂತ ಮೇಲೆ ಊರಿಗೆ ಉಳಿದದ್ದು ಏಡಿ. ಏಡಿ ಇರುವುದು ದೂರದ ಆಳ ನೀರಿನಲ್ಲಿ. ಊರಿನಲ್ಲಿದ್ದವು ದಡದ ಮೀನಿಗೆಂದು ಕಟ್ಟಿದ ಚಿಕ್ಕ ಬೋಟುಗಳು. ಅವುಗಳಲ್ಲೇ ಏಡಿ ಬೋನು ಪೇರಿಸಿಕೊಂಡು ಏಪ್ರಿಲ್‌ನ ತೇಲುವ ಮಂಜುಗಡ್ಡೆಗಳ ನಡುವೆ ಹೋಗುತ್ತಿದ್ದರು. ಹೆಡ್ಲಿಯ ಜೊತೆ ವರ್ನಾಳ ತಮ್ಮ ಸೆಲ್ಬಿ ಹೋಗಿದ್ದ. ಮೂವತ್ತರ ಆಳು, ಇಬ್ಬರು ಮಕ್ಕಳ ತಂದೆ, ಆದರೂ ಸಮುದ್ರವೆಂದರೆ ಮೊದಲಿಂದಲೂ ಪುಕ್ಕಲು. ಮಧ್ಯಾಹ್ನ ಬೋಟುಗಳು ತಮ್ಮತಮ್ಮಲ್ಲೇ ರೇಡಿಯೋದಲ್ಲಿ ಹರಟುವ ಹೊತ್ತು. ಹೆಂಗಸರು ಅಡುಗೆಮನೆಗಳಲ್ಲಿ ಕೂತು ಕೇಳುತ್ತಿದ್ದರು. ಹೆಡ್ಲಿ ಸಾಮಾನ್ಯವಾಗಿ "ಹೂಂ" ಎನ್ನುವನು, ಇಲ್ಲವೇ "ಗಾಳಿ ಈಶಾನ್ಯ" ಎಂದು ಸುಮ್ಮನಾಗುವನು.

ಅವತ್ತು ಅವನು ನಿಲ್ಲಿಸಲೇ ಇಲ್ಲ.

"ಲಿಯಾಂಡರ್, ಕೇಳ್ತಾ ಇದೀಯಾ ಮಾರಾಯ? ನಮ್ಮ ಬೋಟು ಇವತ್ತು ನಮ್ಮಮ್ಮನ ಥರ ಆಗ್ಬಿಟ್ಟಿದೆ. ಹಿಂಭಾಗ ಊರಿ ಕೂತ್ರೆ ಮುಗೀತು, ಏಳೋ ಮಾತೇ ಇಲ್ಲ."

ಇನ್ನೊಂದು ಬೋಟಿನಲ್ಲಿದ್ದ ಲಿಯಾಂಡರ್ ಗಹಗಹಿಸಿದ. ಮೇಜಿನ ಆಚೆ ಟೀಗೆ ಡಬ್ಬದ ಹಾಲು ಸುರಿದುಕೊಳ್ಳುತ್ತಿದ್ದ ಹೆಡ್ಲಿಯ ತಾಯಿ ಎಫಿಯೂ ನಕ್ಕಳು. "ಮುಂಡೇದು! ಮನೆಗೆ ಬರ್ಲಿ, ಯಾರು ಏಳಲ್ಲ ಅಂತ ತೋರಿಸ್ತೀನಿ."

"ಸೆಲ್ಬಿ ಸಂಬಳ ಜಾಸ್ತಿ ಕೇಳ್ತಿದಾನೆ ಕಣೋ," ರೇಡಿಯೋದ ದನಿ ಮುಂದುವರಿಯಿತು. "ಮೀನುಗಾರ ಅಂತ ಕರ್ಕೊಂಡು ಬಂದು ನಲ್ಲಿ ರಿಪೇರಿ ಮಾಡಿಸ್ತೀಯಲ್ಲ ಭಾವ, ಅಂತಾನೆ."

"ಯಾವ ನಲ್ಲಿ?" ಲಿಯಾಂಡರ್ ಕೇಳಿದ.

"ಅದೇ ಹುಡುಕ್ತಾ ಇದೀವಿ. ನೀರು ಧಾರಾಳ ಬರ್ತಿದೆ, ನಲ್ಲಿ ಮಾತ್ರ ಸಿಗ್ತಿಲ್ಲ."

ಮತ್ತೆ ನಗು. ಇನ್ನೆರಡು ಬೋಟುಗಳಿಂದಲೂ ನಗು ಸೇರಿಕೊಂಡಿತು. ವರ್ನಾ ಹಿಟ್ಟಿನ ಕೈಯಲ್ಲೇ ರೇಡಿಯೋದ ಗುಂಡಿ ತಿರುಗಿಸಿ ದನಿ ಏರಿಸಿದಳು. ಹೆಡ್ಲಿಯ ಮಾತಿನ ಹಿಂದೆ ಯಾವುದೋ ಮೋಟಾರು ಒಂದೇ ಸಮನೆ ಕಿರುಚುತ್ತಿತ್ತು. ಬೋಟಿನ ಎಂಜಿನ್ನಿನ ಸದ್ದು ಅವಳಿಗೆ ಗೊತ್ತು. ಇದು ಅದಲ್ಲ. ಬೋಟಿನೊಳಗೆ ಸೇರಿದ ನೀರನ್ನು ಹೊರಹಾಕುವ ಪಂಪು.

"ಅತ್ತೆ, ಇವರು ಬಹಳ ಮಾತಾಡ್ತಿದಾರೆ."

"ಆಡ್ಲಿ ಬಿಡೇ. ಮನೇಲಂತೂ ಬಾಯಿ ಬಿಡಲ್ಲ."

"ಅದಕ್ಕೇ ಹೇಳ್ತಿರೋದು."

ಎಫಿ ಟೀ ಲೋಟ ಕೆಳಗಿಟ್ಟಳು. ಸೊಸೆಯ ಮಾತು ಅರ್ಥವಾಗಲಿಲ್ಲವೆಂದಲ್ಲ. ಎಫಿಯ ಗಂಡನೂ ಸಮುದ್ರದಲ್ಲಿ ಮುಳುಗಿ ಹೋದವನೇ. ಅವನ ಮಣ್ಣಿನ ದಿನ ಇದೇ ಅಡುಗೆಮನೆಯಲ್ಲಿ ಊರು ನೆರೆದು, ಸತ್ತವನ ಪೆದ್ದುತನಗಳನ್ನೆಲ್ಲ ಒಂದೊಂದಾಗಿ ಹೇಳಿ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

"ಸುಮ್ಸುಮ್ನೆ ಜನರನ್ನ ಸಹಾಯಕ್ಕೆ ಕರೆದು ಗಂಡನ ಮರ್ಯಾದೆ ಕಳೀಬೇಡ," ಎಂದಳು ಎಫಿ. "ಲಿಯಾಂಡರ್ ಬೋನು ಎತ್ತೋದು ಬಿಟ್ಟು ಬಂದ್ರೆ ಅವನ ಇಡೀ ದಿನ ಹಾಳು. ಬಂದು ನೋಡಿದಾಗ ಏನೂ ಇಲ್ಲದಿದ್ರೆ? ಈ ಊರು ಸಾಯೋತನಕ ನಿನ್ನ ಆಡ್ಕೊಳ್ಳುತ್ತೆ."

ಅದು ನಿಜ. ಟಾಲೋ ಕೋವ್‌ನಲ್ಲಿ ನಗುವಿಗೆ ಸಿಕ್ಕಿಬಿದ್ದವರಿಗೆ ಬಿಡುಗಡೆಯಿಲ್ಲ. ವರ್ನಾ ಕೈ ತೊಳೆದುಕೊಂಡಳು. ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಒಲೆ ಕೆದಕಿದಳು. ಹೊರಗೆ ಕೊಲ್ಲಿಯ ಬಾಯಲ್ಲಿ ಮಂಜು ಕವಿಯುತ್ತಿತ್ತು. ದೀಪಸ್ತಂಭದ ಗುಡ್ಡ ಸೊಂಟದವರೆಗೆ ಮುಳುಗಿತ್ತು.

"ಹಿಡಿದಿಟ್ಟ ಏಡಿಗಳಿಗೆ ಇವತ್ತು ಹಬ್ಬ ಕಣೋ," ಹೆಡ್ಲಿ ಹೇಳುತ್ತಿದ್ದ. "ನಾವು ಸಮುದ್ರಕ್ಕೆ ಹೋಗೋದು ಬೇಡ, ಸಮುದ್ರಾನೇ ಬಂತು ಅಂತ ಚಪ್ಪಾಳೆ ಹೊಡೀತಿದಾವೆ."

ಯಾರೋ ನಕ್ಕರು. ಈ ಸಲ ಲಿಯಾಂಡರ್ ನಗಲಿಲ್ಲವೆಂದು ಅವಳಿಗನ್ನಿಸಿತು.

ಅವಳು ಮೈಕು ಕೈಗೆತ್ತಿಕೊಂಡಳು. "ಹೆಡ್ಲಿ, ನಾನು. ಎಲ್ಲ ಸರಿಯಿದೆಯಾ?"

"ಓಹೋ, ಯಜಮಾನ್ರು ಬಂದ್ರು! ಸೆಲ್ಬಿ, ಟೋಪಿ ತೆಗೆಯೋ, ನಿಮ್ಮಕ್ಕ." ಅವನ ಉಸಿರು ಏರಿತ್ತು. "ರಾತ್ರಿಗೆ ಏನು ಅಡುಗೆ?"

ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ ಅಡುಗೆ ಏನೆಂದು ಕೇಳಿದವನಲ್ಲ.

"ಬಟಾಣಿ ಸೂಪು," ಎಂದಳು.

"ನನ್ನ ಪಾಲು ಬೆಕ್ಕಿಗೆ ಹಾಕು. ಬೋಟಿನ ಭಾರ ಇಳಿಸ್ಬೇಕು ಅಂತಿದೀವಿ, ನನ್ನಿಂದ್ಲೇ ಶುರು ಮಾಡೋಣ."

ಹಿಂದೆ ಸೆಲ್ಬಿಯ ನಗು ಕೇಳಿಸಿತು. ತೆಳ್ಳಗಿನ, ಎತ್ತರದ ನಗು. ಚಿಕ್ಕಂದಿನಲ್ಲಿ ಕತ್ತಲ ಕೋಣೆಗೆ ಹೋಗು ಎಂದರೆ ಸೆಲ್ಬಿ ಹೀಗೇ ನಗುತ್ತಿದ್ದ. ಗಂಡ ಇಷ್ಟು ಹೊತ್ತು ಆಡುತ್ತಿದ್ದದ್ದು ಲಿಯಾಂಡರ್‌ಗಾಗಿ ಅಲ್ಲ, ಪಕ್ಕದಲ್ಲಿ ನಿಂತವನಿಗಾಗಿ ಎಂಬುದು ಆಗ ಅವಳಿಗೆ ಹೊಳೆಯಿತು. ಅವಳು ಮೈಕಿನ ಗುಂಡಿ ಮತ್ತೆ ಒತ್ತಿದಳು.

"ಲಿಯಾಂಡರ್," ಎಂದಳು, ಎಲ್ಲ ಬೋಟುಗಳೂ ಎಲ್ಲ ಅಡುಗೆಮನೆಗಳೂ ಕೇಳುವಂತೆ. "ಅವರು ಮುಳುಗ್ತಿದಾರೆ. ಬೋಟು ತಿರುಗಿಸು."

ರೇಡಿಯೋ ಚರಚರ ಎಂದಿತು. ಎಫಿ ಬಂದು ಅವಳ ತೋಳು ಹಿಡಿದುಕೊಂಡಳು. ತಡೆಯಲೋ ಆಸರೆಗೋ ಹೇಳುವಂತಿರಲಿಲ್ಲ.

"ಕೇಳಿದ್ರಾ?" ಹೆಡ್ಲಿಯ ದನಿ ಬಂತು. "ಹೆಂಡ್ತಿ ಆಗ್ಲೇ ನನ್ನ ಮುಳುಗಿಸ್ಬಿಟ್ಳು. ಇನ್ಶೂರೆನ್ಸ್ ದುಡ್ಡು ಬರುತ್ತೆ ಅಂತ ಯಾರು ಹೇಳ್ಕೊಟ್ರೋ!"

ಒಬ್ಬ ಗೊಳ್ಳೆಂದ. ಲಿಯಾಂಡರ್ ಮೆಲ್ಲಗೆ, "ವರ್ನಾ, ಅವನ ಬುದ್ಧಿ ನಿಂಗೊತ್ತಲ್ಲ ತಾಯಿ..." ಎಂದು ಶುರು ಮಾಡಿದ.

"ಗೊತ್ತು. ನನ್ನಷ್ಟು ಯಾರಿಗೂ ಗೊತ್ತಿಲ್ಲ," ಎಂದಳು ವರ್ನಾ. "ಹೆಡ್ಲಿ, ಒಂದೇ ಒಂದು ಮಾತು ನೆಟ್ಟಗೆ ಹೇಳು. ನಗಬೇಡ, ನಗಿಸಬೇಡ. 'ನಾವು ಚೆನ್ನಾಗಿದೀವಿ' ಅನ್ನು. ಅಷ್ಟು ಅಂದ್ರೆ ನಾನು ಮೈಕು ಕೆಳಗಿಟ್ಟು ಬ್ರೆಡ್ ಮಾಡೋಕೆ ಹೋಗ್ತೀನಿ."

ಪಂಪಿನ ಕಿರುಚಾಟ ಕೇಳುತ್ತಲೇ ಇತ್ತು. ಹೆಡ್ಲಿ "ನಾವು..." ಎಂದು ಶುರು ಮಾಡಿ ನಿಲ್ಲಿಸಿದ. ಇನ್ನೊಮ್ಮೆ ಹೊರಟು ಮತ್ತೆ ನಿಲ್ಲಿಸಿದ.

"ಬೇರೆ ಏನಾದ್ರೂ ಕೇಳೇ," ಎಂದ ಕೊನೆಗೆ. "ಅದು ಕಷ್ಟ ಇದೆ."

ಯಾವ ಬೋಟಿನಿಂದಲೂ ನಗು ಬರಲಿಲ್ಲ.

"ತಿರುಗಿಸ್ತಿದೀನಿ," ಎಂದ ಲಿಯಾಂಡರ್. "ಬೋನಿನ ಹಗ್ಗ ಕಡಿಯೋ!" ಎಂದು ಅವನು ತನ್ನ ಆಳಿಗೆ ಕೂಗಿದ್ದೂ ಕೇಳಿಸಿತು. ಆಮೇಲೆ ಹೆಡ್ಲಿ ತಾನಿರುವ ಜಾಗದ ಗುರುತು ಹೇಳಿದ. ಅಂಕಿಗಳನ್ನಷ್ಟೇ, ಬಿಡಿಬಿಡಿಯಾಗಿ, ಮೇಷ್ಟರ ಮುಂದೆ ಪಾಠ ಒಪ್ಪಿಸುವವನ ಹಾಗೆ. ಎರಡನೇ ಸಲ ಹೇಳುವಾಗ ಅರ್ಧದಲ್ಲೇ ದನಿ ಕಡಿದುಹೋಯಿತು.

ರಕ್ಷಣೆಗೆ ಹೊರಟ ಹೆಲಿಕಾಪ್ಟರು ಮಂಜಿನಲ್ಲಿ ದಾರಿ ಕಾಣದೆ ಹಿಂದಿರುಗಿತು. ಸುದ್ದಿ ಹರಡಿ ಊರಿನವರು ಒಬ್ಬೊಬ್ಬರಾಗಿ ವರ್ನಾಳ ಮನೆಗೆ ಬಂದರು, ಕೈಯಲ್ಲಿ ಪಾತ್ರೆ ಹಿಡಿದು, ಬೂಟು ಬಾಗಿಲಲ್ಲಿ ಬಿಟ್ಟು. ಸೆಲ್ಬಿಯ ಹೆಂಡತಿ ಡಾರ್ಲೀನ್ ಇಬ್ಬರು ಮಕ್ಕಳನ್ನೂ ಎಳೆದುಕೊಂಡು ಬಂದು ಒಲೆಯ ಪಕ್ಕ ಕೂತಳು. ತುಸು ಹೊತ್ತಿಗೆ ಯಾರೋ ಕಾಡ್ ಮೀನಿನ ಶವಯಾತ್ರೆಯ ಕತೆ ತೆಗೆದರು. ಇನ್ನೊಬ್ಬರು ಅದಕ್ಕೆ ಬಾಲ ಸೇರಿಸಿದರು. ಅಡುಗೆಮನೆ ನಗುವಿನಿಂದ ತುಂಬಿತು, ಕಿಟಕಿಯ ಗಾಜು ಬೆವರಿತು. ಡಾರ್ಲೀನಳೂ ನಕ್ಕಳು. ಬೋಟಿನವರು ಬರಲಾರರೆಂದು ಇವರೆಲ್ಲರಿಗೂ ಗೊತ್ತಾಗಿಬಿಟ್ಟಿದೆ, ಅದಕ್ಕೇ ನಗುತ್ತಿದ್ದಾರೆ ಎಂದು ವರ್ನಾಗೆ ಅನ್ನಿಸಿತು. ಎದ್ದು ಎಲ್ಲರ ಬಾಯಿ ಮುಚ್ಚಿಸಬೇಕೆನಿಸಿತು. ಆದರೆ ನಗು ನಿಂತರೆ ಈ ಕೋಣೆಯಲ್ಲಿ ಏನು ಉಳಿದೀತು ಎಂದು ನೆನೆದು, ಟೀಗೆ ನೀರಿಟ್ಟಳು.

ಬೆಳಕು ಇಳಿಯುವ ಹೊತ್ತಿಗೆ ಲಿಯಾಂಡರ್‌ನ ದನಿ ಬಂತು. ಯಾರೋ ರೇಡಿಯೋದ ದನಿ ಏರಿಸಿದರು.

"ರಬ್ಬರ್ ತೆಪ್ಪ ಸಿಕ್ತು. ಹೆಡ್ಲಿ ಇದಾನೆ, ಉಸಿರಾಡ್ತಿದಾನೆ." ತಡೆದು, "ಇಬ್ರನ್ನೂ ಕರ್ಕೊಂಡು ಬರ್ತಿದೀನಿ," ಎಂದ.

ಉಸಿರಾಡುತ್ತಿರುವುದು ಒಬ್ಬನೇ ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಡಾರ್ಲೀನ್ ಮಗಳ ಕೋಟಿನ ಗುಂಡಿಗಳನ್ನು ಹಾಕತೊಡಗಿದಳು. ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದಳು.

ತೆಪ್ಪಕ್ಕೆ ಹಾರುವಾಗ ಸೆಲ್ಬಿ ನೀರಿಗೆ ಬಿದ್ದಿದ್ದ. ಹೆಡ್ಲಿ ಕಾಲರು ಹಿಡಿದು ಎಳೆದುಕೊಂಡಿದ್ದ. ಆದರೆ ಏಪ್ರಿಲ್‌ನ ಆ ನೀರಿನಲ್ಲಿ ಒಮ್ಮೆ ನೆನೆದ ಮೈ ಮತ್ತೆ ಬೆಚ್ಚಗಾಗುವುದಿಲ್ಲ.

ಮಣ್ಣಿನ ದಿನ ಇಗರ್ಜಿಯಿಂದ ಎಲ್ಲರೂ ಡಾರ್ಲೀನಳ ಮನೆಗೆ ಬಂದರು. ಸ್ಯಾಂಡ್‌ವಿಚ್ಚು, ರಮ್ಮು, ಒಣದ್ರಾಕ್ಷಿಯ ಕೇಕು. ವಾಡಿಕೆಯಂತೆ ಸೆಲ್ಬಿಯ ಕತೆಗಳು ಶುರುವಾದವು: ಆಡಿಗೆ ಹೆದರಿ ಮರ ಹತ್ತಿದ್ದು, ತನ್ನ ಮದುವೆಗೇ ತಡವಾಗಿ ಬಂದದ್ದು. ಪ್ರತಿ ಕತೆ ಮುಗಿದಾಗಲೂ ಜನರ ಕಣ್ಣು ಮೂಲೆಯ ಕುರ್ಚಿಯತ್ತ ಹೋಗುತ್ತಿತ್ತು. ಅಲ್ಲಿ ಹೆಡ್ಲಿ ಬ್ಯಾಂಡೇಜು ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಡಕ್ಕೆ ಬಂದಾಗಿನಿಂದ ಅವನು ಹೆಂಡತಿಗೂ ಏನೂ ಹೇಳಿರಲಿಲ್ಲ.

ಡಾರ್ಲೀನ್ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ತೆಪ್ಪದಲ್ಲಿ ಏನು ಮಾತಾಡಿದ್ರಿ?"

ಅವನು ತಲೆಯಲ್ಲಾಡಿಸಿದ.

"ನಂಗೆ ಹೇಳ್ಬೇಕು, ಹೆಡ್ಲಿ."

"ನಗಿಸ್ತಾ ಇದ್ದೆ," ಎಂದ. "ಹೆದರ್ತಿದ್ದ. ಬಾಯಿಗೆ ಬಂದದ್ದೆಲ್ಲ ಹೇಳ್ದೆ."

"ಕೊನೇದು ಯಾವ್ದು?"

ಬೇಡವೆನ್ನುವಂತೆ ವರ್ನಾ ಗಂಡನ ಭುಜ ಮುಟ್ಟಿದಳು. ಅವನು ಅವಳತ್ತ ನೋಡಲಿಲ್ಲ.

"ನಮ್ಮೂರವನೊಬ್ಬ ಸತ್ತು ಸ್ವರ್ಗದ ಬಾಗಿಲಿಗೆ ಹೋದ್ನಂತೆ," ಎಂದು ಶುರು ಮಾಡಿದ, ಹವಾಮಾನ ವರದಿ ಓದುವ ದನಿಯಲ್ಲಿ. "ಬಾಗಿಲು ಕಾಯೋನು, ಜೀವಮಾನದಲ್ಲಿ ಎಷ್ಟು ಕಾಡ್ ಹಿಡಿದೆಯಪ್ಪಾ ಅಂತ ಕೇಳಿದ್ನಂತೆ. ಇವನು, ಮೊದ್ಲು ನೀವು ಮೀನುಗಾರಿಕೆ ಇಲಾಖೆಯವರಾ ಹೇಳಿ, ಅಂದ್ನಂತೆ."

ಯಾರೂ ನಗಲಿಲ್ಲ. ಗಂಡನ ಬಾಯಲ್ಲಿ ಆ ಕತೆಯನ್ನು ಎಷ್ಟೋ ಸಲ ಕೇಳಿದ್ದ ಡಾರ್ಲೀನ್ ಹುಬ್ಬು ಗಂಟಿಕ್ಕಿದಳು.

"ಅದು ಹಾಗಲ್ಲ," ಎಂದಳು.

"ಅವನೂ ಹಾಗೇ ಅಂದ," ಎಂದ ಹೆಡ್ಲಿ. "'ಕೆಡಿಸ್ಬಿಟ್ಟೆ ಭಾವ, ಅದು ಹಾಗಲ್ಲ' ಅಂದ. ಸರಿ ಹಾಗಾದ್ರೆ ನೀನೇ ಹೇಳೋ ಅಂದೆ. ತಲೆ ನನ್ನ ತೊಡೆ ಮೇಲಿತ್ತು. ಹೇಳ್ತಾನೆ ಅಂತ ಕಾದೆ. ಬಹಳ ಹೊತ್ತು ಕಾದೆ, ಡಾರ್ಲೀನ್. ಜ್ಞಾಪಿಸ್ಕೊಳ್ತಿದಾನೆ ಅಂದ್ಕೊಂಡಿದ್ದೆ."

ಡಾರ್ಲೀನ್ ಅವನ ಬ್ಯಾಂಡೇಜಿನ ಕೈಗಳನ್ನೇ ನೋಡುತ್ತ ಕೂತಳು. ಆಚೆ ಕೋಣೆಯಲ್ಲಿ ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದವು.

"ಆ ಸತ್ತವನು ಬಾಗಿಲೊಳಗೆ ಇಣುಕಿ ನೋಡ್ತಾನೆ," ಎಂದಳು ಅವಳು. "ದೊಡ್ಡ ನೀರು ಕಾಣುತ್ತೆ. ಆಮೇಲೆ ಕೇಳ್ತಾನೆ, 'ಎಷ್ಟು ಹಿಡಿದೆ ಅನ್ನೋದು ಇರ್ಲಿ ಸ್ವಾಮಿ, ಇಲ್ಲಾದ್ರೂ ಹಿಡಿಯೋಕೆ ಬಿಡ್ತೀರಾ?'"

ಬಾಗಿಲ ಬಳಿ ನಿಂತಿದ್ದ ಲಿಯಾಂಡರ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಎಫಿಯ ಗಂಟಲಿಂದ ಹೊರಟ ಸದ್ದು ನಗುವೋ ಅಳುವೋ ತಿಳಿಯಲಿಲ್ಲ. ಹೆಡ್ಲಿ ಬಾಯಿ ತೆರೆದ. ಈಗ ಇವನು ಏನಾದರೂ ತಮಾಷೆ ಆಡುತ್ತಾನೆ ಎಂದು ಹೆದರಿ ವರ್ನಾ ಅವನ ಭುಜವನ್ನು ಬಿಗಿಯಾಗಿ ಹಿಡಿದಳು. ಅವನು ಏನೂ ಆಡಲಿಲ್ಲ. ಮದುವೆಯಾದಾಗಿನಿಂದ ಅವಳು ಒಮ್ಮೆಯೂ ಕೇಳಿರದ ದನಿಯಲ್ಲಿ, ಅಷ್ಟು ಜನರ ಎದುರಿಗೆ, ಅತ್ತ. ಯಾರಿಗೂ ಏನು ಮಾಡಬೇಕೆಂದು ತೋಚದೆ, ಎಲ್ಲರೂ ಕೈಯಲ್ಲಿದ್ದ ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತರು.