ನಲವತ್ತು ಅಡಿಯ ಗುಡ್ಡೆ

“ನಿಮ್ಮೋರೇ ಹೇತಿದ್ದಲ್ವೇನೇ? ಮೂಗು ಮುಚ್ಕೊಳ್ಳೋಕೆ ನೀನ್ಯಾವ ಸೀಮೆ ಮಹಾರಾಣಿ?” ಎಂದ ವಠಾರದ ಓನರು.

ಗುಡ್ಡೆಯಕ್ಕ ಮೂಗಿನಿಂದ ಸೆರಗು ಇಳಿಸಿದಳು. ಬೋರ್ ಕೊರೆಯುವ ಲಾರಿಯ ಪಕ್ಕ ಕೂತು, ಹತ್ತು ಅಡಿಗೊಮ್ಮೆ ಮೇಲೆ ಬರುವ ಮಣ್ಣು, ಕಲ್ಲಿನ ಪುಡಿಯನ್ನು ಬುಟ್ಟಿಗೆ ಹಿಡಿದು ಸಾಲಾಗಿ ಗುಡ್ಡೆ ಹಾಕುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಏಳು ಗುಡ್ಡೆಗಳಾಗಿದ್ದವು. ಮೊದಲೆರಡು ಕೆಂಪು ಮಣ್ಣು. ಆಮೇಲಿನ ನಾಲ್ಕು ಕೊಳೆತ ಕಲ್ಲು, ಹಿಸುಕಿದರೆ ಬೆರಳ ಸಂದಿಯಲ್ಲಿ ಜಾರುವಂಥದ್ದು. ಅದರಲ್ಲೂ ನಲವತ್ತು ಅಡಿಯದು ಕಪ್ಪಗೆ, ಲೋಳೆಲೋಳೆಯಾಗಿ ನಾರುತ್ತಿತ್ತು. ಹನ್ನೊಂದು ಮನೆಗಳ ಕಕ್ಕಸು ಗುಂಡಿ ಇದ್ದದ್ದು ಹದಿನೈದು ಹೆಜ್ಜೆ ಆಚೆಗೆ. ಗಟ್ಟಿ ಬಂಡೆ ಸಿಕ್ಕಿದ್ದು ಏಳನೆಯದರಲ್ಲಿ.

ಹನ್ನೊಂದರಲ್ಲಿ ಒಂದು ಮನೆ ಅವಳದು. ಹಳೆ ಬಾವಿಯ ನೀರು ಕುಡಿದು ಮಗಳು ಎರಡು ಸಲ ಆಸ್ಪತ್ರೆ ಸೇರಿದ್ದಳು. ಇನ್ನು ಕುಡಿಯಬೇಕಾದದ್ದು ಈ ಬೋರಿನ ನೀರನ್ನೇ.

“ಬಂಡೆವರೆಗೂ ಕೇಸಿಂಗ್ ಪೈಪ್ ಇಳಿಸ್ಲೇಬೇಕು ಸಾರ್. ಇಪ್ಪತ್ತಡಿಯವು ಮೂರು ಬೇಕು,” ಎಂದ ಡ್ರಿಲ್ಲರ್. “ಇಲ್ದಿದ್ರೆ ಆ ಗುಂಡಿ ನೀರೆಲ್ಲ ಬೋರಿಗೇ ಇಳಿಯುತ್ತೆ.”

“ಒಂದಿದೆಯಲ್ಲ, ಸಾಕು. ಇನ್ನೆರಡು ನಮ್ಮನೆ ಬೋರಿಗೆ ಹೋಯ್ತು. ಅಲ್ಲಿ ನನ್ನ ಮೊಮ್ಮಗು ಕುಡಿಯುತ್ತಪ್ಪ.” ಓನರು ಅವಳ ಕಡೆ ತಿರುಗಿದ. “ಏಯ್, ಕೊನೇ ಗುಡ್ಡೆನ ಐದು ಪಾಲು ಮಾಡಿ ಮೂರನೇದ್ರಿಂದ ಸಾಲಾಗಿ ಇಡು. ನಡುವಿನ ದರಿದ್ರ ಎಲ್ಲ ಚರಂಡಿಗೆ ತಳ್ಳು. ಪುರಸಭೆ ಎಂಜಿನಿಯರ್ ಬಂದು, ಇಪ್ಪತ್ತಡಿಗೇ ಬಂಡೆ ಅಂತ ಸೈನ್ ಹಾಕ್ತಾರೆ.”

“ನಾವು ಕುಡಿಯೋದು ಸಾರ್ ಅದನ್ನ.”

“ಕುಡೀರಿ. ಹಂದಿ ಥರ ಇದ್ರಲ್ಲೇ ಹೊರಳಾಡಿ ಬೆಳೆದೋರಲ್ವಾ, ಏನಾಗುತ್ತೆ ನಿಮ್ಗೆ? ಮಾಡ್ತೀಯೋ, ಪಾತ್ರೆ ಪಗಡ ಬೀದಿಗೆ ಎಸೀಲೋ?”

ಅವಳು ಡ್ರಿಲ್ಲರನ ಮುಖ ನೋಡಿದಳು. ಅವನು ಬೀಡಿ ಹಚ್ಚುವ ನೆವದಲ್ಲಿ ಅತ್ತ ತಿರುಗಿಕೊಂಡ. ಅವಳು ಎದ್ದು ಬಂಡೆಯ ಪುಡಿಯನ್ನು ಪಾಲು ಮಾಡಿದಳು. ಮೂರು ಗುಡ್ಡೆ ಚರಂಡಿಗೆ ಹೋದವು. ನಲವತ್ತು ಅಡಿಯದನ್ನು ಮಾತ್ರ ಪಕ್ಕಕ್ಕೆ ಸರಿಸಿ, ಮೇಲೆ ಬುಟ್ಟಿ ಕವುಚಿಟ್ಟಳು.

ಎಂಜಿನಿಯರ್ ಕರ್ಚೀಫಿನಿಂದ ಮೂಗು ಒತ್ತಿಕೊಂಡೇ ಕಾರಿನಿಂದಿಳಿದ. ಬಗ್ಗಲಿಲ್ಲ, ಮುಟ್ಟಲಿಲ್ಲ. ನಿಂತಲ್ಲಿಂದಲೇ ಏಳು ಗುಡ್ಡೆ ಎಣಿಸಿದ. “ಪರವಾಗಿಲ್ಲವೇ, ಬೇಗ ಸಿಕ್ಕಿಬಿಟ್ಟಿದೆ ಬಂಡೆ,” ಎಂದು ಓನರು ಕೊಟ್ಟ ಸೀಲ್ ಬಾಟಲಿಯ ನೀರು ಗುಟುಕರಿಸಿ, ಬಾನೆಟ್ಟಿನ ಮೇಲೆ ಫೈಲು ಬಿಚ್ಚಿದ.

“ಸಾರ್, ಒಂದು ಗುಡ್ಡೆ ಎಣಿಸ್ಲಿಲ್ಲ ನೀವು.”

ಬುಟ್ಟಿ ಎತ್ತಿ, ಎರಡೂ ಕೈಯಲ್ಲಿ ಬಾಚಿ ತಂದು, ಸೈನಿಗೆ ಕಾದಿದ್ದ ಹಾಳೆಯ ಮೇಲೆ ಬೊಗಸೆ ಬಿಚ್ಚಿದಳು.

“ನಲವತ್ತು ಅಡೀದು. ಮೂಸಿ ನೋಡಿ, ಆಮೇಲೆ ಹಾಕಿ.”

“ಥೂ, ಲೌಡಿ ಮುಂಡೆ...” ಕೈ ಎತ್ತಿಕೊಂಡು ನುಗ್ಗಿದ ಓನರು, ಅವಳ ಕೈ ಕಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಡ್ರಿಲ್ಲರ್ ಬೀಡಿ ಎಸೆದು ಲಾರಿಯ ಎಂಜಿನ್ ಆರಿಸಿದ. ಫೈಲಿನ ಅಂಚಿನಿಂದ ಕಪ್ಪು ನೀರು ಎಂಜಿನಿಯರ್‌ನ ಬೂಟಿನ ಮೇಲೆ ತೊಟ್ಟಿಕ್ಕುವ ಸದ್ದಷ್ಟೇ ಉಳಿಯಿತು.

ಅವಳು ಕೈ ಒರೆಸಿಕೊಳ್ಳಲಿಲ್ಲ.