ಗುರುವಾರ ಕೊಡ್ತೀನಿ ಅಂದಿದ್ರು

ಲಿಫ್ಟ್ ಎರಡನೇ ಮಹಡಿಯಲ್ಲಿ ನಿಲ್ಲುತ್ತದೆ, ಬಾಗಿಲು ಸರಿಯುತ್ತದೆ, ಕೆಳಗಿನ ಮನೆಯ ಹೆಂಗಸು ಕಸದ ಬಕೆಟ್ ಹಿಡಿದು ಒಳಗೆ ಕಾಲಿಟ್ಟವಳು ನನ್ನನ್ನು ಕಂಡು ಬಕೆಟ್ಟನ್ನು ಬೆನ್ನ ಹಿಂದೆ ಅಡಗಿಸುತ್ತಾಳೆ, ಗಂಡ ಸತ್ತವಳ ಮುಂದೆ ಕಸ ಹಿಡಿಯಬಾರದೇನೋ — ಹುಬ್ಬು ಕೆಳಗೆ, ಸರಿ, ತುಟಿಯ ತುದಿ ಕೆಳಗೆ, ಸರಿ, ಕಣ್ಣಲ್ಲಿ ಕಣ್ಣಿಟ್ಟು ಎರಡು ಕ್ಷಣ, ಸರಿ, ದೂರ ಮಾತ್ರ ತಪ್ಪು, ಒಂದು ತೋಳಿನಷ್ಟಾದರೂ ಬಿಡಬೇಕಿತ್ತು, ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿದೆ, ಇಷ್ಟು ಬೇಗ ಕೆಲಸಕ್ಕೆ ಹೊರಟ್ರಾ ಅನ್ನುತ್ತಾಳೆ, ಐದರಲ್ಲಿ ಮೂರು ಸ್ಟಾರ್. ಗುರುವಾರದಿಂದ ಎಲ್ಲರಿಗೂ ಸ್ಟಾರ್ ಹಾಕುತ್ತಲೇ ಇದ್ದೇನೆ, ನಿಲ್ಲಿಸೋಣವೆಂದರೆ ಆಗುತ್ತಿಲ್ಲ, ಮಕ್ಕಳಿಗೆ ಮುಖ ಓದೋದು, ಮಾತಾಡೋದು ಕಲಿಸಿ ಕಲಿಸಿ ಇದೇ ಚಾಳಿ, ಮೊದಲು ಹತ್ತಿರ ಹೋಗು, ಒಂದು ತೋಳಿನ ದೂರದಲ್ಲಿ ನಿಲ್ಲು, ಮನಸ್ಸಲ್ಲೇ ಮೂರು ಎಣಿಸು, ಆಮೇಲೆ ಮಾತಾಡು — ಗಂಡನ ಅಣ್ಣ ಎಣಿಸಲೇ ಇಲ್ಲ, ಓಡಿ ಬಂದು ಭುಜ ಹಿಡಿದು ಅಲ್ಲಾಡಿಸಿದ, ಒಂದು ಸ್ಟಾರ್, ನನ್ನ ಗಂಡನ ಫೋಟೋ ಸ್ಟುಡಿಯೋ ಪಕ್ಕದ ಝೆರಾಕ್ಸ್ ಅಂಗಡಿಯವನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದ, ಐದು. ಬುಧವಾರ ಸತ್ತ, ಗುರುವಾರ ಸುಟ್ಟೆವು, ಭಾನುವಾರ ಸಂಜೆಗೆ ನೆಂಟರೆಲ್ಲ ಖಾಲಿ, ಇವತ್ತು ಸೋಮವಾರ. ಬೆಳಿಗ್ಗೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದರು, ಹೋಗಲೇಬೇಕಾ. ಒಂದು ಮಗುವಿನ ಪರೀಕ್ಷೆ ಇದೆ ಅಂದೆ, ನಾನಿಲ್ಲದಿದ್ದರೆ ಅವಳು ಬಾಯಿ ಬಿಡಲ್ಲ. ಅವರು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ಸುತ್ತುತ್ತ ಹೇಳಿದರು, ನಿನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲವಲ್ಲೇ, ಊರ ಮಕ್ಕಳಿಗೆ ಅಳೋದು ಕಲಿಸೋಕೆ ಹೋಗ್ತೀಯ. ಚೆನ್ನಾಗಿ ಹೇಳಿದರು. ಸ್ಟಾರ್ ಹಾಕಲು ಕೈ ಬರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಹೊರಜೇಬಿನಲ್ಲಿ ಕಾರ್ಡು, ಅದರ ಒಂದು ಮೂಲೆ ಬಟ್ಟೆಯ ಮೂಲಕ ತೊಡೆಗೆ ಚುಚ್ಚುತ್ತಿದೆ, ಬ್ಯಾಗು ತಿರುಗಿಸಿದರೆ ಆಯಿತು, ತಿರುಗಿಸುವುದಿಲ್ಲ. ರಸ್ತೆ ದಾಟುವಾಗ ಬಿದ್ದನಂತೆ, ಹಸಿರು ದೀಪ ಇತ್ತಂತೆ, ತಪ್ಪು ಅವನದಲ್ಲ, ಎದೆಯದು, ಮೂವತ್ತನಾಲ್ಕಕ್ಕೆ, ಪೊಲೀಸಿನವನು ಕ್ಯಾಮೆರಾ ಬ್ಯಾಗು ತಂದುಕೊಟ್ಟ, ಒಳಗೆ ಎರಡು ಲೆನ್ಸು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಪ್ಲಾಸ್ಟಿಕ್ ಕವರಿನಲ್ಲಿ ಅವನದೇ ಮುಖದ ಈ ಕಾರ್ಡು. ವಕೀಲಮ್ಮನ ಕಾರ್ಡು. ಆ ಹೆಸರು ಇಟ್ಟವನೂ ಅವನೇ, ಎಂಟು ವರ್ಷದ ಹುಡುಗಿ ಪ್ರತಿ ಮಾತಿಗೂ ಪಾಯಿಂಟ್ ಹಾಕಿ ವಾದ ಮಾಡಿದರೆ ಇನ್ನೇನು ಕರೆಯೋದು ಅಂದ. ಮುಖ ನೋಡಿ ಭಾವನೆ ತಿಳಿಯದ ನಮ್ಮ ಕೇಂದ್ರದ ಉಳಿದ ಮಕ್ಕಳಿಗೆ ಕಲಿಯಲು ಬಣ್ಣದ ಚಿತ್ರದ ಮುಖಗಳು ಸಾಕಾಗುತ್ತವೆ, ಸಂತೋಷ, ಸಿಟ್ಟು, ಭಯ, ಅವಳಿಗೆ ಆಗಲಿಲ್ಲ, ಇದಕ್ಕೆ ಮೂಗಿನ ತೂತೇ ಇಲ್ಲ, ಇದು ಮನುಷ್ಯ ಅಲ್ಲ ಅಂದಳು, ಹಾಗಾಗಿ ಎರಡು ವರ್ಷದ ಹಿಂದೆ ಅವನು ಹಾಲಿನ ಬಿಳಿ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ನಾನು ಬಟನ್ ಒತ್ತುವವಳು. ಐದು ಮುಖ ಹತ್ತು ನಿಮಿಷದಲ್ಲಿ ಮುಗಿದವು, ದುಃಖ ಮಾತ್ರ ಬರಲಿಲ್ಲ, ತುಟಿ ಕೆಳಗಿಳಿಸಿದರೆ ಕಣ್ಣು ನಗುತ್ತಿತ್ತು, ಕಣ್ಣು ಸರಿ ಮಾಡಿದರೆ ಹೊಟ್ಟೆ ಕುಣಿಯುತ್ತಿತ್ತು, ನೀನು ಏನಾದರೂ ದುಃಖದ್ದು ಹೇಳೇ ಅಂದ, ನಾನು ಹೇಳಿದೆ — ನಿನ್ನ ಕಟ್ಟಿಕೊಂಡು ನನ್ನ ಬದುಕು ಹಾಳಾಯ್ತು. ಫೋಟೋಗೆ ಅಂತ ಹೇಳಿದ್ದು. ಆದರೆ ಹುಡುಕಬೇಕಾಗಲಿಲ್ಲ ಆ ಮಾತನ್ನು, ನಾಲಿಗೆಯ ತುದಿಯಲ್ಲೇ ಕೂತಿತ್ತು, ಒಂದೇ ಉಸಿರಿಗೆ ಬಂತು. ಅವನ ಎಡ ಹುಬ್ಬು ಒಂದು ಎಳೆ ಮೇಲೆ, ಬಾಯಿ ಅರೆ ತೆರೆದು, ಕಣ್ಣು ಕ್ಯಾಮೆರಾದ ಕಡೆಗಲ್ಲ, ಅದರ ಪಕ್ಕದಲ್ಲಿ ನಿಂತ ನನ್ನ ಕಡೆಗೆ, ಒತ್ತಿದೆ. ಸಿಕ್ತು, ಇದೇ ದುಃಖ ಅಂದೆ. ತಮಾಷೆಗೆ ಹೇಳಿದ್ದು ಕಣೋ ಅನ್ನಬೇಕಿತ್ತು, ಹಾಲು ಉಕ್ಕುತ್ತಿತ್ತು, ಅಡುಗೆಮನೆಗೆ ಹೋದೆ. ಅವನಿಗೆ ಗೊತ್ತಿರಲೇಬೇಕು, ಊಟದ ಹೊತ್ತಿಗೆ ಎಂದಿನಂತೆ ಜೋಕು ಹೇಳುತ್ತಿದ್ದ, ಗೊತ್ತಿಲ್ಲದಿದ್ದರೆ ಜೋಕು ಹೇಳುತ್ತಿದ್ದನಾ.

ಕೇಂದ್ರದ ಗೇಟಿನಲ್ಲೇ ವಕೀಲಮ್ಮನ ತಾಯಿ ನಿಂತಿದ್ದಾಳೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಶನಿವಾರ ಫೋನು ಮಾಡಿದಾಗ ಸೂಜಿ ಚುಚ್ಚುವ ಮುಂಚಿನ ದನಿಯಲ್ಲೇ ಮಾತಾಡಿದಳು, ಒಂದೇ ಒಂದು ಗಂಟೆ ಮೇಡಂ, ಇಂಥ ಹೊತ್ತಲ್ಲಿ ಕೇಳಬಾರದು, ಮುಂದಿನ ತಿಂಗಳು ಅವಳಿಗೆ ಒಂಬತ್ತು ತುಂಬುತ್ತೆ, ಆಮೇಲೆ ಆ ಶಾಲೆಯವರು ಸೇರಿಸ್ಕೊಳ್ಳಲ್ಲ. ಎದುರು ರಸ್ತೆಯ ಶಾಲೆ, ಮಾಮೂಲಿ ಮಕ್ಕಳದ್ದು, ಒಂದು ಸೀಟು, ಅಲ್ಲಿಂದ ಒಬ್ಬಳು ಪರೀಕ್ಷಕಿ ಬಂದು ಮಗುವಿನ ಸ್ವಂತ ಕಾರ್ಡಿನ ಸೆಟ್ಟಿನಿಂದಲೇ ಕೇಳುತ್ತಾಳೆ, ಆರಕ್ಕೆ ಆರೂ ಸರಿಯಾಗಬೇಕು. ತಾಯಿ ಈಗ ನನ್ನ ಕೈ ಹಿಡಿದುಕೊಂಡಿದ್ದಾಳೆ, ಅವಳ ಬೆರಳಿಗೆ ಸ್ಪಿರಿಟ್ ವಾಸನೆ, ನಾಲ್ಕು ಸ್ಟಾರ್. ಒಳಗೆ ಕಪಾಟಿನ ಮೇಲೆ ಸಾಲಾಗಿ ತಗಡಿನ ಡಬ್ಬಿಗಳು, ನಮ್ಮಲ್ಲಿ ಯಾರಾದರೂ ಯಾರದ್ದಾದರೂ ವಸ್ತು ಎರವಲು ಪಡೆದರೆ ತಮ್ಮ ಫೋಟೋ ಅಂಟಿಸಿದ ಬಟ್ಟೆ ಕ್ಲಿಪ್ಪನ್ನು ಅವರ ಡಬ್ಬಿಗೆ ಸಿಕ್ಕಿಸಿ ಹೋಗಬೇಕು, ವಸ್ತು ಕೊಟ್ಟ ಮೇಲೇ ಕ್ಲಿಪ್ಪು ವಾಪಸ್, ದೊಡ್ಡವರಿಗೂ ಅದೇ ನಿಯಮ, ಆ ನಿಯಮ ಮಾಡಿದವಳು ನಾನು. ವಕೀಲಮ್ಮನ ಡಬ್ಬಿಯ ಅಂಚಿನಲ್ಲಿ ಹಳದಿ ಕ್ಲಿಪ್ಪು, ಅದರ ಮೇಲೆ ಉಗುರಿನಷ್ಟು ಅವನ ಮುಖ. ಪ್ರತಿ ಸೋಮವಾರ ಮಕ್ಕಳ ಫೋಟೋ ತೆಗೆಯಲು ಬರುತ್ತಿದ್ದ, ಹೋದ ಸೋಮವಾರ ಡಬ್ಬಿಯಿಂದ ಆ ದುಃಖದ ಕಾರ್ಡು ತೆಗೆದುಕೊಂಡ, ಮನೆಗೆ ಬಂದು ಹೇಳಿದ, ಇದೊಂದು ಸರಿ ಬಂದಿಲ್ಲ, ಬೇರೆ ತೆಗೆಯೋಣ್ವಾ. ಬೇಡ, ಮಗುವಿಗೆ ಇದೇ ಅಭ್ಯಾಸ ಅಂದೆ, ಫೋನು ನೋಡುತ್ತಲೇ ಅಂದೆ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದ.

ವಕೀಲಮ್ಮ ಬಂದಳು, ಒಂದು ತೋಳಿನ ದೂರದಲ್ಲಿ ನಿಂತಳು, ತುಟಿಯಲ್ಲೇ ಮೂರು ಎಣಿಸಿದಳು. ಫೋಟೋ ಮಾಮ ಗುರುವಾರ ಕೊಡ್ತೀನಿ ಅಂದಿದ್ರು, ಇವತ್ತು ಸೋಮವಾರ, ನಾಲ್ಕು ದಿನ ಲೇಟು. ಅವರು ತೀರಿಹೋದರು ಪುಟ್ಟಾ. ಗೊತ್ತು, ಅಮ್ಮ ಹೇಳಿದ್ಲು, ನಿಮಗಾದ ನಷ್ಟಕ್ಕೆ ನನಗೆ ಬೇಜಾರಾಗಿದೆ, ಕಾರ್ಡೆಲ್ಲಿ. ಐದಕ್ಕೆ ಐದು ಸ್ಟಾರ್, ಆ ವಾಕ್ಯ ನಾನೇ ಬಾಯಿಪಾಠ ಮಾಡಿಸಿದ್ದು, ಯಾರದೋ ಅಜ್ಜಿ ಸತ್ತಾಗ. ಸಿಗಲಿಲ್ಲ ಅಂದೆ. ಸುಳ್ಳು ಸಲೀಸಾಗಿ ಬಂತು, ಇವಳ ಒಳ್ಳೆಯದಕ್ಕೆ, ಐದು ಕಾರ್ಡುಗಳನ್ನು ನಿದ್ದೆಗಣ್ಣಲ್ಲೂ ಹೇಳುತ್ತಾಳೆ, ಆ ಆರನೆಯದನ್ನು ಎರಡು ವರ್ಷದಿಂದ ಒಮ್ಮೆಯೂ ದುಃಖ ಅಂದವಳಲ್ಲ. ಕಾಯ್ತಾ ಇದ್ದಾರೆ ಅನ್ನುತ್ತಾಳೆ. ಅದು ಭಾವನೆಯ ಹೆಸರಲ್ಲ, ತಪ್ಪು, ಇನ್ನೊಮ್ಮೆ ನೋಡು. ಕಾಯ್ತಾ ಇದ್ದಾರೆ. ತಪ್ಪು, ಸ್ಟಾರ್ ಇಲ್ಲ. ಒಂದು ಮಧ್ಯಾಹ್ನ ಇಪ್ಪತ್ತೆರಡು ಸಲ ತೋರಿಸಿದೆ, ಎಣಿಸಿದ್ದೇನೆ, ಅವಳನ್ನು ಉಯ್ಯಾಲೆಗೆ ಬಿಡಲಿಲ್ಲ, ನೀರು ಕೊಡಲಿಲ್ಲ, ದುಃಖ ಅನ್ನು ಕೊಡ್ತೀನಿ, ಅವಳು ತನ್ನ ಕೈ ತಾನೇ ಕಚ್ಚಿಕೊಂಡಳು, ಕಾರ್ಡಿನ ಮೂಲೆ ಆವತ್ತು ನನ್ನ ಹೆಬ್ಬೆರಳಿಗೆ ಸಿಕ್ಕಿ ಮಡಚಿಕೊಂಡಿತು. ಆಯಾ ನಗುತ್ತ ಅಂದಳು, ಬಿಡಿ ಮೇಡಂ, ಫೋಟೋ ಅಣ್ಣನ ಮುಖ ನೋಡಿದರೆ ನನಗೂ ಬಸ್ಸಿಗೆ ಕಾಯೋರ ಹಾಗೇ ಕಾಣ್ಸತ್ತೆ. ಅವಳ ಮೇಲೂ ರೇಗಿದೆ. ಈಗ ವಕೀಲಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದಾಳೆ, ಮಾಮ ಸತ್ತಾಗ ಯಾವ ಮುಖ ಇತ್ತು. ಯಾವುದೂ ಇರಲಿಲ್ಲ. ಹಾಗಾದ್ರೆ ಏಳನೇ ಕಾರ್ಡು ಮಾಡಬೇಕು ಅನ್ನುತ್ತಾಳೆ.

ಹನ್ನೊಂದಕ್ಕೆ ಪರೀಕ್ಷಕಿ, ದಾರ ಕಟ್ಟಿದ ಕನ್ನಡಕ, ಟಿಕ್ ಟಿಕ್ ಅನ್ನುವ ಪೆನ್ನು, ಗಾಜಿನ ಆಚೆ ತಾಯಿ ಒಂದು ಬಾಟಲಿ ನೀರನ್ನು ಕುಡಿಯದೆ ಹಿಡಿದು ಕೂತಿದ್ದಾಳೆ. ನಮಸ್ಕಾರ, ಕೂತ್ಕೊಳ್ಳಿ, ಮೊದಲು ನೀವು ಆಮೇಲೆ ನಾನು — ವಕೀಲಮ್ಮ ಒಂದನ್ನೂ ಮರೆಯಲಿಲ್ಲ, ಪರೀಕ್ಷಕಿ ಸೀನಿದಾಗ ಒಳ್ಳೇದಾಗಲಿ ಎಂದೂ ಅಂದಳು, ಪರೀಕ್ಷಕಿ ನಕ್ಕಳು, ನಮ್ಮ ಶಾಲೇಲಿ ಇಷ್ಟು ಮರ್ಯಾದೆ ಯಾರಿಗೂ ಇಲ್ಲ ಕಣಮ್ಮ. ಸಂತೋಷ, ಟಿಕ್, ಸಿಟ್ಟು, ಟಿಕ್, ಭಯ, ಆಶ್ಚರ್ಯ, ಅಸಹ್ಯ, ಅವನು ಒಂದೊಂದಾಗಿ ಮೇಜಿನ ಮೇಲೆ ಬಂದು ಹಲ್ಲು ಕಿರಿಯುತ್ತಾನೆ, ಗುರಾಯಿಸುತ್ತಾನೆ, ಕಣ್ಣರಳಿಸುತ್ತಾನೆ, ಮೂಗು ಮುರಿಯುತ್ತಾನೆ, ನನಗೆ ಏನೂ ಆಗುವುದಿಲ್ಲ. ಆರನೆಯದು, ಆ ಕಾರ್ಡಿನ ಬದಲಿಗೆ ಆಯಾ ಎಲ್ಲಿಂದಲೋ ಪ್ರಿಂಟ್ ತೆಗೆಸಿ ತಂದ ಮಗುವಿನ ಮುಖ, ಕೆನ್ನೆಯ ಮೇಲೆ ಎರಡು ದಪ್ಪ ಕಣ್ಣೀರು, ಕುರುಡರೂ ಹೇಳಬಹುದು. ವಕೀಲಮ್ಮ ಅದನ್ನು ಮುಟ್ಟಲೇ ಇಲ್ಲ. ಇದು ನನ್ನದಲ್ಲ, ನನ್ನದು ಎರವಲು ಹೋಗಿದೆ, ಕ್ಲಿಪ್ಪಿದೆ ನೋಡಿ. ಪರವಾಗಿಲ್ಲಮ್ಮ, ಇದನ್ನೇ ಹೇಳು. ನನ್ನದಲ್ಲ. ಪರೀಕ್ಷಕಿ ಪೆನ್ನು ಎತ್ತಿಹಿಡಿದು ನನ್ನನ್ನು ನೋಡಿದಳು, ಮೇಡಂ, ಆರು ಬೇಕು, ಐದಕ್ಕೆ ಸೀಟು ಕೊಡೋಕೆ ಬರಲ್ಲ. ಆಗ ಹುಡುಗಿ ಕುರ್ಚಿಯಿಂದ ಇಳಿದು ನನ್ನ ಬಳಿ ಬಂದಳು, ಒಂದು ತೋಳು, ಮೂರು ಎಣಿಕೆ, ಎರವಲಿನ ಪಾಠದ ವಾಕ್ಯ ಚಾಚೂ ತಪ್ಪದೆ — ದಯವಿಟ್ಟು ನನ್ನ ವಸ್ತು ವಾಪಸ್ ಕೊಡ್ತೀರಾ. ಆಮೇಲೆ ಪಾಠದಲ್ಲಿಲ್ಲದ್ದು, ನಿಮ್ಮ ಬ್ಯಾಗಿನ ಜೇಬಿಂದ ಮೂಲೆ ಕಾಣ್ತಿದೆ, ಮಡಚಿದ ಮೂಲೆ, ಅದು ನನ್ನದು. ಪರೀಕ್ಷಕಿ ನೋಡಿದಳು, ಗಾಜಿನ ಆಚೆ ತಾಯಿ ಎದ್ದು ನಿಂತಳು. ತೆಗೆದುಕೊಟ್ಟೆ. ಸತ್ತವನ ಪರವಾಗಿ, ನಾಲ್ಕು ದಿನ ತಡವಾಗಿ. ಅನ್ನು, ದುಃಖ ಅನ್ನು, ಎರಡಕ್ಷರ, ಎದುರು ರಸ್ತೆ, ಸೀಟು, ಮಾಮೂಲಿ ಮಕ್ಕಳು, ಅನ್ನು — ಅವಳು ಕಾರ್ಡನ್ನು ಮೇಜಿನ ಮೇಲಿಟ್ಟು ಮಡಚಿದ ಮೂಲೆಯನ್ನು ಬೆರಳಿಂದ ಸವರಿ ನೆಟ್ಟಗೆ ಮಾಡಿದಳು. ಕಾಯ್ತಾ ಇದ್ದಾರೆ. ಯಾರಿಗೆ ಅಂತ ಕೇಳಿದಳು ಪರೀಕ್ಷಕಿ, ಹಾಗೆ ಕೇಳುವ ನಿಯಮ ಇರಲಿಲ್ಲ. ಹುಡುಗಿ ನನ್ನ ಕಡೆ ಬೆರಳು ತೋರಿಸಿದಳು, ಇವರು ಏನೋ ಹೇಳಬೇಕು, ಅದಕ್ಕೆ. ಪೆನ್ನು ನಿಂತಿತು. ಹೌದಲ್ಲ, ನನಗೂ ಹಾಗೇ ಕಾಣ್ತಿದೆ ಅಂದಳು ಪರೀಕ್ಷಕಿ, ಕನ್ನಡಕ ಏರಿಸಿ, ಫೋಟೋ ತೆಗೆದವರು ನೀವಂತಲ್ಲ ಮೇಡಂ, ಇದಕ್ಕೆ ಸರಿ ಉತ್ತರ ಯಾವುದು, ಅವಳು ಹೇಳಿದ್ದೇ ಸರಿ ಅಂದರೆ ಹಾಗೇ ಬರ್ಕೋತೀನಿ. ಒಂದು. ಗಾಜಿನ ಮೇಲೆ ತಾಯಿಯ ಅಂಗೈ ಬಿಳಿಚಿ ಒತ್ತಿದೆ. ಎರಡು. ಸರಿ ಅಂದರೆ ಸಾಕು, ಸರಿ ಅಂದರೆ ಏನು ಹೇಳಬೇಕಿತ್ತು ಅಂತ ಪರೀಕ್ಷಕಿ ಕೇಳುತ್ತಾಳೆ, ಯಾರು ಹೇಳಬೇಕಿತ್ತು ಅಂತ ಕೇಳುತ್ತಾಳೆ, ಇಪ್ಪತ್ತೆರಡು ಸಲ, ಎರಡು ವರ್ಷ, ಹಾಲು ಉಕ್ಕುತ್ತಿತ್ತು. ಮೂರು. ದುಃಖ ಅಂದೆ. ನಮ್ಮ ಪಟ್ಟಿಯಲ್ಲಿ ದುಃಖ ಅಂತಿದೆ. ನನ್ನ ದನಿ ನಡುಗಲಿಲ್ಲ, ದೂರ ಸರಿಯಾಗಿತ್ತು, ಕಣ್ಣಲ್ಲಿ ಕಣ್ಣಿತ್ತು. ಓ, ಸರಿ ಅಂದಳು ಪರೀಕ್ಷಕಿ, ಪೆನ್ನು ಟಿಕ್ ಅನ್ನಲಿಲ್ಲ, ಓರೆಗೆ ಒಮ್ಮೆ ಎಳೆಯಿತು, ಅದನ್ನು ಕತ್ತರಿಸಿ ಇನ್ನೊಮ್ಮೆ.

ತಾಯಿ ಕೂತುಬಿಟ್ಟಳು, ಬಾಟಲಿ ಉರುಳಿತು. ವಕೀಲಮ್ಮನಿಗೆ ಗೊತ್ತಾಯಿತೋ ಇಲ್ಲವೋ, ಅವಳಿಗೆ ಆ ಗಳಿಗೆಯಲ್ಲಿ ಬೇರೆ ಕೆಲಸವಿತ್ತು, ಆರು ಕಾರ್ಡುಗಳನ್ನೂ ಜೋಡಿಸಿ ಡಬ್ಬಿಗೆ ಹಾಕಿದಳು, ಹಳದಿ ಕ್ಲಿಪ್ಪನ್ನು ಅಂಚಿನಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ವಾಪಸ್ ಬಂತು, ಮುಗೀತು, ಈಗ ಎರವಲು ತಗೊಂಡವರು ಥ್ಯಾಂಕ್ಸ್ ಹೇಳಬೇಕು, ಮಾಮ ಇಲ್ಲ ಅಲ್ವಾ, ನೀವು ಹೇಳಿ. ಥ್ಯಾಂಕ್ಸ್ ಅಂದೆ. ಅವಳು ನನ್ನ ಮುಖವನ್ನು ನೋಡುತ್ತಿದ್ದಾಳೆ, ಯಾವ ಕಾರ್ಡೆಂದು ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ, ಹೆಗಲು ಕುಣಿಸಿ ಹೊರಟಳು, ಡಬ್ಬಿಯ ಮುಚ್ಚಳ ಹಾಕಲು ಮರೆತಳು, ಎಂದೂ ಮರೆಯದವಳು. ಮುಚ್ಚಬೇಕು. ಕೈಯಲ್ಲಿ ಕ್ಲಿಪ್ಪು ಇದೆ, ಅದರ ಬಾಯಿ ನನ್ನ ಬೆರಳನ್ನು ಕಚ್ಚಿದೆ, ಮುಚ್ಚಬೇಕು, ಎಲ್ಲಕ್ಕಿಂತ ಮೇಲೆ ಆರನೆಯದು ಇದೆ, ಎಡ ಹುಬ್ಬು ಒಂದು ಎಳೆ ಮೇಲೆ, ಬಾಯಿ ಅರೆ ತೆರೆದು, ಕಣ್ಣು ಕ್ಯಾಮೆರಾದ ಕಡೆಗಲ್ಲ, ಅದರ ಪಕ್ಕಕ್ಕೆ, ಎಡ ಹುಬ್ಬು ಒಂದು ಎಳೆ ಮೇಲೆ, ಬಾಯಿ ಅರೆ ತೆರೆದು —