ಸೆರಗಿನ ತುದಿಯ ಅರಿಶಿನ

ಈರುಳ್ಳಿ ಸಿಪ್ಪೆಯ ಬಣ್ಣ, ಅಲ್ಲ, ಈರುಳ್ಳಿ ಸಿಪ್ಪೆಯನ್ನು ಬಿಸಿಲಿಗೆ ಹಿಡಿದಾಗಿನ ಬಣ್ಣ, ಅಂಚಿನಲ್ಲಿ ಜರಿಯ ಸಣ್ಣ ಹಂಸಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತಿವೆ, ವೇದಿಕೆಯ ದೀಪ ಬಿದ್ದಾಗಲೆಲ್ಲ ಕತ್ತು ಎತ್ತಿದ ಹಾಗೆ ಕಾಣುತ್ತವೆ, ಲೋಹಿತಾ ಮೈಕನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು, ಹಂಸಗಳೂ ದಿಕ್ಕು ಬದಲಿಸಿದವು — ಇದೇ ಸೀರೆ ನಮ್ಮ ಮನೆಯ ಡಬ್ಬದಲ್ಲೂ ಇತ್ತು, ಸೇರುವಾಗ ದುಡ್ಡು ಕಟ್ಟಿಸಿಕೊಂಡು ಮಾರಲೆಂದು ಕಂಪನಿ ಕೊಡುವ ಹನ್ನೆರಡು ಸೀರೆಯ ಕಿಟ್ಟಿನಲ್ಲಿ ಎಲ್ಲರಿಗೂ ಇಂಥದೊಂದು ಬರುತ್ತದೆ, ನಮ್ಮ ಮನೆಯಲ್ಲಿ ಬಿಚ್ಚಿದಾಗ ಅದು ಹೀಗಿರಲಿಲ್ಲ, ಒದ್ದೆ ಗೋಡೆಯ ಹಾಗೆ ಮಂಕಾಗಿ ಚಾಪೆಯ ಮೇಲೆ ಬಿದ್ದಿತ್ತು, ಅದೇ ನೂಲು ಅದೇ ಬಣ್ಣ ಅವಳ ಮೈಮೇಲೆ ಹೋದರೆ ಹಂಸ, ನನ್ನ ಕೈಗೆ ಬಂದರೆ ಬರೀ ಬಟ್ಟೆ. ಚಪ್ಪಾಳೆ, ಮೂರು ಸಲ ತಟ್ಟಿ ನಿಲ್ಲಿಸಬೇಕು, ಹಾಗೆ ಕಲಿಸಿದ್ದಾರೆ, ಶಿರಾದ ಈ ಕಲ್ಯಾಣ ಮಂಟಪದ ತುಂಬ ಕೂತ ಹೆಂಗಸರೆಲ್ಲ ಮೂರು ಸಲ ತಟ್ಟಿ ನಿಲ್ಲಿಸಿದರು, ನನ್ನ ಕೈ ಎರಡಕ್ಕೇ ನಿಂತಿತು, ಪಕ್ಕದ ಅನುಷಾ ನಾಲ್ಕನೆಯದನ್ನೂ ತಟ್ಟಿ ನಾಲಿಗೆ ಕಚ್ಚಿಕೊಂಡಳು, ಅವಳಿಗೆ ಇದು ಮೊದಲ ಮೀಟಿಂಗು, ನನ್ನ ಚಿಕ್ಕಮ್ಮನ ಮಗಳು, ಬೆಳಗ್ಗೆ ಬಲಸಮುದ್ರದಿಂದ ಪಾವಗಡಕ್ಕೆ ಬಂದು ಅಲ್ಲಿಂದ ಬಸ್ಸು ಹತ್ತಿ ಬಂದಿದ್ದಾಳೆ, ತೊಡೆಯ ಮೇಲೆ ಗುಲಾಬಿ ಬಣ್ಣದ ಅರ್ಜಿ, ಹೆಸರು ಬರೆದಾಗಿದೆ, ತಂದೆಯ ಹೆಸರು ಬರೆದಾಗಿದೆ, ಆಧಾರ್ ನಂಬರು ಬರೆದಾಗಿದೆ, ಕೆಳಗೆ ಸಹಿಯ ಜಾಗ ಖಾಲಿ, ಏಮಕ್ಕಾ, ಈಗ್ಲೇ ಹಾಕ್ಲಾ ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು, ಇರು, ಅವಳು ಮಾತಾಡಿ ಮುಗಿಸಲಿ ಅಂದೆ, ಯಾಕೆ ಅಂದೆನೋ, ಅನುಷಾ ಸಹಿ ಹಾಕಿದ ಗಳಿಗೆಯಿಂದ ನಾನು ಆ ವೇದಿಕೆಗೆ ಒಂದು ಮೆಟ್ಟಿಲು ಹತ್ತಿರವಾಗುತ್ತೇನೆ, ಆದರೂ ಇರು ಅಂದೆ, ಮೊದಲು ಲೋಹಿತಾಳನ್ನು ಕಣ್ತುಂಬ ನೋಡಿ ಹೊಟ್ಟೆ ತುಂಬ ಉರಿದುಕೊಳ್ಳಬೇಕಿತ್ತೇನೋ.

ನನ್ನ ಎಡಗಾಲು ಲೋಹಿತಾ, ಕಂಪನಿಯ ಲೆಕ್ಕದಲ್ಲಿ ಹಾಗೇ ಹೇಳುವುದು, ಸೇರಿದ ಪ್ರತಿಯೊಬ್ಬಳೂ ತನ್ನ ಕೆಳಗೆ ಇಬ್ಬರನ್ನು ಸೇರಿಸಬೇಕು, ಒಬ್ಬಳು ಎಡಗಾಲು ಒಬ್ಬಳು ಬಲಗಾಲು, ಎರಡೂ ಕಾಲು ನಡೆದರೆ ಜೋಡಿ, ಜೋಡಿಯಾದರೆ ಕಮಿಷನ್ನು, ಒಂದೇ ಕಾಲು ಓಡಿದರೆ, ಎಷ್ಟೇ ದೂರ ಓಡಲಿ, ಮೇಲಿನವಳಿಗೆ ಏನೂ ಇಲ್ಲ, ನನ್ನ ಎಡಗಾಲು ಕುದುರೆಯ ಹಾಗೆ ಓಡಿತು, ಬಲಗಾಲು ಹುಟ್ಟಲೇ ಇಲ್ಲ, ಅಜ್ಜಿಗೆ ಇದನ್ನು ವಿವರಿಸಲು ಹೋಗಿದ್ದೆ, ಅವಳು ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ, ದೇವ್ರು ಕೊಟ್ಟ ಕಾಲು ಎರಡೂ ಗಟ್ಟಿಯಾಗೇ ಅವಲ್ಲಮ್ಮ, ಇನ್ಯಾವ ಕಾಲು ಹುಡೀಕ್ಕಂಡು ಊರೂರು ತಿರುಗ್ತೀಯ ಅಂದಳು. ಲೋಹಿತಾಳನ್ನು ಕರೆತಂದವಳು ನಾನೇ, ದೊಡ್ಡೇರಿಯ ನಮ್ಮ ಬೀದಿಯ ಕೊನೆಯ ಮನೆಯವಳು, ಮಧುಗಿರಿ ಕಾಲೇಜಿಗೆ ಮೂರು ವರ್ಷ ಒಂದೇ ಬಸ್ಸು ಒಂದೇ ಸೀಟು, ನಾನು ಕಿಟಕಿಯಲ್ಲಿ ಬೆಟ್ಟ ನೋಡುತ್ತಿದ್ದೆ, ಒಂದೇ ಕಲ್ಲಿನ ಆ ಬೆಟ್ಟ ಮಲಗಿದ ಆನೆ, ಒಂದು ದಿನ ಮೈಮುರಿದು ಎದ್ದರೆ ಊರಿನ ಗತಿಯೇನು ಎಂದು ಯೋಚಿಸುತ್ತಿದ್ದೆ, ಅವಳು ಕಂಡಕ್ಟರನ ಹತ್ತಿರ ಎರಡು ರೂಪಾಯಿ ಚಿಲ್ಲರೆಗೆ ಜಗಳವಾಡುತ್ತಿದ್ದಳು, ಅಣ್ಣಾ, ಎರಡು ರೂಪಾಯಿ ಮರ್ತೋದ್ರಾ ಇಲ್ಲ ಮರೀಲಿ ಅಂತ ಕಾಯ್ತಿದೀರಾ, ಇಡೀ ಬಸ್ಸು ನಗುತ್ತಿತ್ತು, ಆಗಲೇ ನನಗೆ ತಿಳಿಯಬೇಕಿತ್ತು, ಮಾರುವುದು ಇಂಥವರಿಗೆ ಬರುವ ವಿದ್ಯೆ. ಕಂಪನಿಯಿಂದ ಹೆಚ್ಚು ಮಾಲು ಎತ್ತಿದವರಿಗೆ ಪಿನ್ನು ಚುಚ್ಚುತ್ತಾರೆ, ಅವಳಿಗೆ ಸೇರಿ ಎಂಟೇ ತಿಂಗಳಿಗೆ ಸಿಲ್ವರ್ ಪಿನ್ನು, ಇವತ್ತು ಗೋಲ್ಡ್ ಪಿನ್ನು, ಅವಳ ಸ್ಟೇಟಸ್ಸನ್ನು ನನ್ನ ಫೋನಿನಲ್ಲಿ ನೋಡಿದರೆ ಅವಳಿಗೆ ಗೊತ್ತಾಗುತ್ತದೆಂದು ಅಪ್ಪನ ಫೋನಿನಲ್ಲಿ ನೋಡುತ್ತೇನೆ, ಪಾಪ ಅಪ್ಪ, ಅವಳ ಹೊಸ ಸ್ಕೂಟಿಯನ್ನು ಅವನೇ ಬೆಳಗ್ಗೆಯಿಂದ ನಾಲ್ಕು ಸಲ ನೋಡಿದ ಹಾಗಾಗಿದೆ.

ಒಳ್ಳೆಯದು ಏನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಮೊದಲ ಎರಡು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ, ಡಬ್ಬ ಹಿಡಿದು ಐ.ಡಿ.ಹಳ್ಳಿಗೆ ಹೋದೆ, ಕೊರಟಗೆರೆಗೆ ಹೋದೆ, ಎಲ್ಲಿಗೆ ಹೊರಟೆ ಎಂದು ಮನೆಯಲ್ಲಿ ಕೇಳಿದರೆ ಡ್ಯೂಟಿ ಇದೆ ಅನ್ನುತ್ತಿದ್ದೆ, ಕಂಡರಿಯದ ಮನೆಗಳಲ್ಲಿ ಮೇಡಮ್ ಕೂತ್ಕಳಿ ಎಂದು ಕಾಫಿ ಕೊಟ್ಟರು, ಇದೇ ಮಂಟಪದಲ್ಲಿ ಮೈಕು ಹಿಡಿದು ನನ್ನ ಹೆಸರು ಮಧುಶ್ರೀ ಅಂದಾಗ ಹಿಂದಿನ ಗೋಡೆ ಮಧುಶ್ರೀ ಅಂತು, ಗೋಡೆಗೂ ನನ್ನ ಹೆಸರು ಗೊತ್ತಾಯಿತಲ್ಲ ಎಂದು ಎರಡು ದಿನ ಅದನ್ನೇ ನೆನೆದೆ, ತುಮಕೂರಿನಿಂದ ಕೋಟು ಹಾಕಿಕೊಂಡು ಬರುವ ಪರಮೇಶ್ ಸರ್, ಕನಸು ಕಾಣೋರಿಗೇ ಈ ಬಿಸಿನೆಸ್ಸು ಅಂದರು, ನನ್ನನ್ನೇ ನೋಡಿ ಅಂದರು ಅನ್ನಿಸಿತು, ಕನಸು ಕಾಣುವುದನ್ನು ಬಿಟ್ಟು ನನಗೆ ಬೇರೇನು ಬರುತ್ತಿತ್ತು. ಆಮೇಲೆ ನೆಂಟರು ಮುಗಿದರು, ಒಬ್ಬಳಿಗೆ ಎಷ್ಟು ಜನ ನೆಂಟರಿರಲು ಸಾಧ್ಯ, ನಾಮಕರಣಕ್ಕೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ, ಬಂದ್ಲು ಕಣೇ ಸೀರೆ ಮಧು, ಕೂತ್ರೆ ಏಳಾಕೆ ಬುಡಲ್ಲ, ಅತ್ತೆ ಒಬ್ಬಳು ಒಳಗಿದ್ದುಕೊಂಡೇ ಮೊಮ್ಮಗಳ ಕೈಲಿ ಇಲ್ಲ ಅನ್ನಿಸಿದಳು, ಅಜ್ಜಿ ಒಳಗೆ ಇಲ್ಲ ಅಂತ ಹೇಳು ಅಂದ್ರು ಎಂದು ಆ ಮಗು ಪೂರ್ತಿ ಒಪ್ಪಿಸಿತು. ಪ್ರತಿ ತಿಂಗಳೂ ಕಂಪನಿಯಿಂದ ಒಂದಿಷ್ಟು ಕೊಳ್ಳಬೇಕು, ಇಲ್ಲದಿದ್ದರೆ ನಮ್ಮ ಐಡಿ ಮಲಗುತ್ತದೆ, ಕಮಿಷನ್ನು ನಿಲ್ಲುತ್ತದೆ, ಐಡಿ ಎಚ್ಚರವಾಗಿರಲೆಂದು ನಾವು ನಿದ್ದೆ ಕೆಡಬೇಕು, ಇಂಥದೇ ಸೀರೆ ಪೇಟೆಯಲ್ಲಿ ಇನ್ನೂ ಕಮ್ಮಿಗೆ ಸಿಗುತ್ತದೆ, ಲೋಹಿತಾಳ ತಮ್ಮ ಅಂಬರೀಶ್ ಒಂದು ದಿನ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬೈಕಿನ ಸೀಟಿನ ಮೇಲೆ ಕಂಪನಿಯ ಸೀರೆಗಳನ್ನೇ ಹರಡಿಕೊಂಡು ಅರ್ಧ ಬೆಲೆಗೆ ಕೂಗುತ್ತಿದ್ದ, ನನ್ನನ್ನು ಕಂಡು ಮುಖ ತಿರುಗಿಸಿದ, ಇವರ ಮನೆಯಲ್ಲಿ ಬೈಕು ಕೂಡ ವ್ಯಾಪಾರ ಮಾಡುತ್ತದಲ್ಲ ಎಂದು ಅವತ್ತೂ ಹೊಟ್ಟೆ ಉರಿಯಿತು.

ನನ್ನ ಡಬ್ಬದ್ದು ಬೇರೆಯೇ ಕಥೆ, ಡಬ್ಬ ಬಂದ ಮಾರನೆಯ ದಿನ ನಾನು ಮೀಟಿಂಗಿಗೆ ಹೋಗಿದ್ದೆ, ವಾಪಸು ಬಂದರೆ ಅಜ್ಜಿ ನಡುಮನೆಯಲ್ಲಿ ಹನ್ನೆರಡು ಸೀರೆಯನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದಾಳೆ, ಪಕ್ಕದಲ್ಲಿ ಅರಿಶಿನ ಕಲಸಿದ ಬಟ್ಟಲು, ಹನ್ನೆರಡರ ಸೆರಗಿನ ತುದಿಗೂ ಒಂದೊಂದು ಹೆಬ್ಬೆಟ್ಟು, ಹಳದಿ ಹೆಬ್ಬೆಟ್ಟು, ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಅವಳಿಗೆ ಹರೆಯದಲ್ಲಿ ರಾಗಿ ಕೊಯ್ಯುವಾಗ ಕುಡುಗೋಲು ತಾಗಿದ ಗೆರೆ, ಅಜ್ಜಿ ಏನ್ ಮಾಡ್ಬುಟ್ಟೆ, ಅದ್ಯಾಕಮ್ಮ ಅಂಗೆ ಬಡ್ಕಂತೀಯ, ಹೊಸ ಬಟ್ಟೇನ ಅರಿಶಿನ ಇಕ್ದಂಗೆ ಮನೇಲಿ ಮಡಿಕ್ಕಂತಾರಾ, ಉಡೋರು ಚೆನ್ನಾಗಿರ್ಬೇಕು ತಾನೆ. ಕಲೆಯಾಗದಿದ್ದರೆ ಒಂದು ತಿಂಗಳೊಳಗೆ ಕಂಪನಿ ವಾಪಸು ತೆಗೆದುಕೊಳ್ಳುತ್ತಿತ್ತು, ಇನ್ನು ಅದೂ ಇಲ್ಲ, ಕೊಳ್ಳಲು ಬಂದವರು ಸೆರಗು ಬಿಚ್ಚಿ ಅರಿಶಿನ ನೋಡಿ, ಇದ್ಯಾರೋ ನಿಮ್ಗೆ ಮಡಿಲು ತುಂಬಿದ ಸೀರೆ ಅಲ್ವಾ, ಕೊಟ್ಟ ಸೀರೇನ ಮಾರ್ತಾರೇನೇ ಎಂದು ಎದ್ದು ಹೋದರು. ಈರುಳ್ಳಿ ಸಿಪ್ಪೆಯ ಬಣ್ಣದ್ದನ್ನು ಬಚ್ಚಲಿಗೆ ಒಯ್ದು ಸೋಪು ಹಚ್ಚಿ ಉಜ್ಜಿದೆ, ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ನನಗೆ ಮರೆತೇಹೋಗಿತ್ತು, ಹೆಬ್ಬೆಟ್ಟಿನ ಸುತ್ತ ಕೆಂಪು ಉಂಗುರವಾಯಿತು, ಕೆಂಡದ ನಡುವೆ ಹಳದಿ, ಉಳಿದ ಹನ್ನೊಂದನ್ನು ಮುಟ್ಟಲಿಲ್ಲ. ಒಂದನ್ನಾರ ನೀನುಟ್ಕಂಡು ತೋರ್ಸಮ್ಮ ಅಂದಳು ಅಜ್ಜಿ, ಸ್ಟಾಕು ಅಜ್ಜಿ, ಉಡೋ ಹಾಗಿಲ್ಲ ಅಂದೆ, ಅವತ್ತು ಸಂಜೆ ನಾನು ಕೇಳದಿದ್ದರೂ ಏಳು ಜನ ಅಕ್ಕತಂಗಿಯರ ಕಥೆ ತೆಗೆದಳು, ಏಳು ಜನಕ್ಕೂ ಇರೋದು ಒಂದೇ ಸೀರೆ, ಉಟ್ಟವಳು ಹೊರಗೆ, ಉಳಿದ ಆರು ಜನ ಬಾಗಿಲ ಹಿಂದೆ, ಹಿರಿಯವಳು ಒಂದು ದಿನ ಉಟ್ಟುಕೊಂಡು ಕೆರೆ ನೋಡಲು ಹೋದವಳು ಕೆರೆ ದಾಟಿ, ತೋಪು ದಾಟಿ ಹೋಗುತ್ತಲೇ ಇದ್ದಾಳೆ, ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಒಳಗಿದ್ದೋರು ಏನು ಉಟ್ಟಿದ್ರಜ್ಜಿ, ಕತ್ಲೆ ಉಟ್ಕಂಡಿದ್ರು ಕಣಮ್ಮ, ಆಮೇಲೆ, ಆಮೇಲೇನು, ಕಿರೀಳು ಬಾಗ್ಲ ಸಂದೀಲಿ ಕಣ್ಣಿಕ್ಕಂಡು ನೋಡ್ತಾನೇ ಅವ್ಳೆ. ಆ ಕಥೆಗೆ ಕೊನೆಯೇ ಇಲ್ಲ, ಆ ಕಿರಿಯವಳು ನಾನೇ ಎಂದು ಯಾವಾಗಿನಿಂದಲೂ ಅನ್ನಿಸಿದೆ. ದೀಪಾವಳಿ ಕಳೆದ ಮೇಲೆ ಡಬ್ಬ ತೆಗೆದರೆ ಹನ್ನೊಂದೇ ಇದ್ದವು, ಕೆಂಪು ಉಂಗುರದ್ದಿಲ್ಲ, ಅಜ್ಜಿ ಎಲ್ಲಿ ಅದು, ಯಾರೋ ಹೆಣ್ಮಗಳು ಬಂದಿದ್ಲು, ಬರಿಗೈಲಿ ಕಳ್ಸಾಕಾಯ್ತದಾ, ರವಿಕೆ ಕಣ ಮುಗ್ದೋಗಿತ್ತು, ಯಾರಜ್ಜಿ, ಕಣ್ ಕಾಣ್ಸಲ್ಲ ಕಣಮ್ಮ, ಗ್ಯಾಪ್ಕ ಇಲ್ಲ.

ಈಗ ಪರಮೇಶ್ ಸರ್ ಪಿನ್ನು ಚುಚ್ಚಿದ್ದಾರೆ, ಲೋಹಿತಾ ಮಾತಾಡುತ್ತಿದ್ದಾಳೆ, ದನಿ ಒಂದು ಚೂರೂ ನಡುಗುವುದಿಲ್ಲ, ಅಕ್ಕಂದಿರೇ, ಈ ಸೀರೆ ನೋಡಿ, ಇದು ನನ್ನ ಸ್ವಂತ ದುಡಿಮೇಲಿ ನಾನು ತಗೊಂಡ ಮೊದಲನೇ ಸೀರೆ, ನನ್ನನ್ನ ಈ ದಾರಿಗೆ ಕರ್ಕೊಂಡು ಬಂದೋಳು ಇಲ್ಲೇ ಕೂತಿದಾಳೆ, ನನ್ನ ಮಧು, ಎಲ್ಲರ ತಲೆಗಳೂ ಇತ್ತ ತಿರುಗಿದವು, ಅವಳು ಮೆಟ್ಟಿಲಿಳಿದು ಬರುತ್ತಿದ್ದಾಳೆ, ಬೇಡ, ಬರಬೇಡ, ನನ್ನ ಮುಖ ಈಗ ಹೇಗಿದೆಯೋ ಗೊತ್ತಿಲ್ಲ, ಬಂದೇಬಿಟ್ಟಳು, ನನ್ನನ್ನು ತಬ್ಬಲು ಬಗ್ಗಿದಳು, ಮಲ್ಲಿಗೆ, ಪೌಡರು, ಅದರ ಕೆಳಗೆ ಹಸಿದ ಬಾಯಿಯ ವಾಸನೆ, ಸೆರಗು ಭುಜದಿಂದ ಜಾರಿ ಅನುಷಾಳ ತೊಡೆಯ ಮೇಲೆ, ಗುಲಾಬಿ ಅರ್ಜಿಯ ಮೇಲೆ ಬಿತ್ತು, ತುದಿ ಮಗುಚಿತು — ಕೆಂಪು ಉಂಗುರ. ನಡುವೆ ಹಳದಿ ಹೆಬ್ಬೆಟ್ಟು. ಹೆಬ್ಬೆಟ್ಟಿನಲ್ಲಿ ಓರೆ ಗೆರೆ. ನಾನು ನೋಡಿದ್ದನ್ನು ಅವಳು ನೋಡಿದಳು, ಮೈಕನ್ನು ಸೊಂಟದ ಹಿಂದಕ್ಕೆ ಇಳಿಸಿದಳು, ಏನೂ ಅನ್ಬೇಡ ಕಣೆ ಮಧು, ಮನೇಲಿ ಉಟ್ಕೊಳೋಕೆ ಒಂದೂ ಉಳಿದಿಲ್ಲ, ಅಷ್ಟೇ, ಸೆರಗು ಎಳೆದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೈಕು ಎತ್ತಿದಳು, ನನ್ನ ಗುರು ಅಳ್ತಿದಾಳೆ ನೋಡ್ರಪ್ಪ, ಚಪ್ಪಾಳೆ, ಮೂರು ಸಲ. ಅಜ್ಜಿ ಬರಿಗೈಲಿ ಕಳಿಸದ ಹೆಣ್ಮಗಳು, ಕೊರಟಗೆರೆಯ ಬೈಕಿನ ಸೀಟು, ಅರ್ಧ ಬೆಲೆ, ಅಂಬರೀಶ್ ತಿರುಗಿಸಿದ ಮುಖ, ಎಲ್ಲ ಈಗ ತಿಳಿಯುತ್ತಿದೆ, ತಾನೇ ಕೊಂಡು, ಗೋಲ್ಡಾಗಿ, ಕೊಂಡದ್ದನ್ನೆಲ್ಲ ತಮ್ಮನ ಕೈಲಿ ಅರ್ಧಕ್ಕೆ ಮಾರಿಸಿ, ಮತ್ತೆ ಕೊಂಡು. ಇಷ್ಟು ತಿಳಿದ ಮೇಲೆ ಉರಿ ಆರಬೇಕಿತ್ತು, ಆರಲಿಲ್ಲ, ನಾಚಿಕೆಯಾಗುತ್ತದೆ ಹೇಳಿಕೊಳ್ಳಲು, ಈಗಲೂ ಆ ಸೀರೆ ಅವಳಿಗೆ ಒಪ್ಪುತ್ತದೆ, ಸುಳ್ಳು ಕೂಡ ಅವಳಿಗೆ ಒಪ್ಪುತ್ತದೆ, ಎಲ್ಲಕ್ಕಿಂತ ಉರಿಯುವುದು ಇದು, ಉಡೋರು ಚೆನ್ನಾಗಿರ್ಬೇಕು ಎಂದು ಅಜ್ಜಿ ಹಚ್ಚಿದ ಹೆಬ್ಬೆಟ್ಟನ್ನು ಮೈಮೇಲೆ ಹಾಕಿಕೊಂಡವಳು ಅವಳೊಬ್ಬಳೇ, ಉಳಿದ ಹನ್ನೊಂದು ನನ್ನ ಡಬ್ಬದಲ್ಲಿ ಕತ್ತಲೆ ಉಟ್ಟುಕೊಂಡು ಕೂತಿವೆ, ನಾನು ಒಂದನ್ನೂ ಉಡಲಿಲ್ಲ.

ಅಕ್ಕಾ, ಈಗ ಹಾಕ್ಲಾ, ಅನುಷಾ ಪೆನ್ನಿನ ಮುಚ್ಚಳ ತೆಗೆದಿದ್ದಾಳೆ, ಅವಳ ಮುಖ ಹೊಳೆಯುತ್ತಿದೆ, ಲೋಹಿತಾ ಅವಳ ತಲೆ ನೇವರಿಸಿ ಹೋಗಿದ್ದಾಳೆ, ಅಕ್ಕಾ ಅವುನಾ, ಆಯಮ್ಮ ನಿನ್ನ ಕೆಳಗಿನೋಳಾ, ಅವಳ ಕೈ ನೋಡುತ್ತೇನೆ, ಸೋಲಾರ್ ಪ್ಲಾಂಟಿನಲ್ಲಿ ಬಿಸಿಲಿಗೆ ಕಾದ ಫಲಕ ಒರೆಸಿ, ಅವುಗಳ ಕೆಳಗಿನ ಹುಲ್ಲು ಕಿತ್ತು ಬೆರಳ ತುದಿಗಳು ಬಿರಿದಿವೆ, ಆ ಬೆರಳುಗಳಿಂದಲೇ ಪಾವಗಡದಲ್ಲಿ ಟೈಲರಮ್ಮನ ಹತ್ತಿರ ಫಾಲ್ ಹಾಕುವುದು, ರವಿಕೆ ಕತ್ತರಿಸುವುದು ಕಲಿತಳು, ಹೊಲಿಗೆ ಮಿಷನ್ನಿಗೆಂದು ಕೂಡಿಟ್ಟ ದುಡ್ಡು ಅವಳ ಬ್ಯಾಗಿನ ಒಳಜೇಬಿನಲ್ಲಿದೆ, ಡಬ್ಬ ತಗೊಂಡು ಮಾರಿ ಆರು ತಿಂಗಳಿಗೆ ಎರಡು ಮಿಷನ್ ತಗೋಬಹುದು ಎಂದು ಹೇಳಿದವಳು ನಾನು, ಫೋನಿನಲ್ಲಿ, ಪರಮೇಶ್ ಸರ್ ದನಿಯಲ್ಲಿ. ಸಹಿ ಹಾಕಿದರೆ ನನ್ನ ಬಲಗಾಲು, ಜೋಡಿ, ಮುಂದಿನ ತಿಂಗಳು ಆ ದೀಪದ ಕೆಳಗೆ ನಾನು, ನನ್ನ ಸೆರಗಿನಲ್ಲೂ ಹಂಸಗಳು ಕತ್ತು ಎತ್ತುತ್ತವೆ, ಲೋಹಿತಾ ಕೆಳಗೆ ಕೂತು ನೋಡುತ್ತಾಳೆ, ನೋಡಲಿ, ಎರಡೇ ಚಪ್ಪಾಳೆ ತಟ್ಟಲಿ, ಎಷ್ಟು ಚೆನ್ನಾಗಿರುತ್ತದೆ, ಅಜ್ಜಿಯ ಕಥೆಯ ಹಿರಿಯವಳು ಸೀರೆ ತಂದುಕೊಡಲಿಲ್ಲವೆಂದು ನಾನು ಇನ್ನೊಬ್ಬಳ ಸೀರೆ ಬಿಚ್ಚಿಸಿ ಉಟ್ಟುಕೊಂಡು ಹೊರಡುವುದು, ಬಾಗಿಲ ಸಂದಿನಲ್ಲಿ ಈ ಹುಡುಗಿಯ ಕಣ್ಣು, ಎಲ್ಲಿ ಹಾಕ್ಬೇಕು ಅಕ್ಕಾ, ಇಲ್ಲೇನಾ, ಇರು ತೋರಿಸುತ್ತೇನೆಂದು ಕೈ ಚಾಚಿದೆ, ಸೆರಗಿನ ತುದಿ ಬಿದ್ದಿದ್ದ ಜಾಗ ಅದೇ, ಸಹಿಯ ಖಾಲಿ ಜಾಗ, ಅದರ ಮೇಲೆ ನನ್ನ ಹೆಬ್ಬೆಟ್ಟು ಇಟ್ಟೆ, ಜಾಗ ಪೂರ್ತಿ ಮುಚ್ಚಿಹೋಯಿತು, ಬೆರಳು ತೆಗಿಯಕ್ಕಾ ಅನ್ನುತ್ತಾಳೆ, ವೇದಿಕೆಯಿಂದ ಹೊಸಬರು ಫಾರಮ್ಮು ತನ್ನಿ ಅನ್ನುತ್ತಾರೆ, ಬೆರಳು ತೆಗಿಯಕ್ಕಾ, ಒತ್ತುತ್ತೇನೆ, ಇನ್ನೂ ಒತ್ತುತ್ತೇನೆ, ಉಗುರಿನ ಸುತ್ತ ಕೆಂಪಾಗುತ್ತದೆ, ನಡುವೆ ರಕ್ತ ಸರಿದು ಹಳದಿ, ಹಳದಿ ಹೆಬ್ಬೆಟ್ಟು, ಸುತ್ತ ಕೆಂಪು, ಹಳದಿ ಹೆಬ್ಬೆಟ್ಟು